18ನೆಯ ಸುತ್ತು

22 ವರ್ಷದ ನನ್ನ ಕಾರಿಗೆ ಈಚೆಗೊಂದು ದುರಭ್ಯಾಸ. ನಾನು ನೇರ ಹೋಗೋಣವೆಂದರೆ ಅದು ರಸ್ತೆಯಂಚಿನ ಎಳನೀರು ಗಾಡಿಯ ಕಡೆ ವಾಲುತ್ತದೆ. ಸ್ಟೇರಿಂಗನ್ನು ಎರಡು ಬೆರಳಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟದು. ಹೊಂಡ ಸಿಕ್ಕರೆ ಮಾತ್ರ ‘ಕಟಕ್’ ಎಂಬ ಉತ್ತರ. ಶನಿವಾರ ಜಾಕ್ ಹಾಕಿ ಎಡಚಕ್ರವನ್ನು ಎರಡೂ ಪಕ್ಕ ಹಿಡಿದು ಅಲ್ಲಾಡಿಸಿದೆ. ಹಾಲುಹಲ್ಲಿನಂತೆ ಆಡಿತು. ಟೈ ರಾಡ್ ಎಂಡ್ ಸವೆದಿದೆ, ನಾಳೆ ನಾನೇ ಹಾಕುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಭಾನುವಾರ ಕಾರಿಗೆ ಎದುರಾಗಿ ನಿಂತು, ಎಡಕ್ಕಿದ್ದ ಚಕ್ರ ಬಿಚ್ಚಿದೆ. ಸ್ಪ್ಲಿಟ್ ಪಿನ್ನು ಬಂತು, ನಟ್ಟು ಬಂತು, ಬಾಲ್ ಜಾಯಿಂಟಿನ ಕಾಂಡ ಮಾತ್ರ ಸರ್ಕಾರಿ ಜಾಗ ಒತ್ತುವರಿ ಮಾಡಿದವನಂತೆ ಕದಲದು. ಸುತ್ತಿಗೆಯನ್ನು ಕಾಂಡಕ್ಕಲ್ಲ, ಅದು ಕೂತ ತೋಳಿನ ಪಕ್ಕಕ್ಕೆ ಬಡಿಯಬೇಕು. ಹೆಬ್ಬೆರಳಿಗಂತೂ ಖಂಡಿತ ಅಲ್ಲ.

ಇನ್ನು ಲೆಕ್ಕದ ಕೆಲಸ. ಹಳೆಯದು ಎಷ್ಟು ಸುತ್ತಿಗೆ ಕಳಚುತ್ತದೋ ಹೊಸದನ್ನೂ ಅಷ್ಟೇ ಸುತ್ತಿ ಕೂರಿಸಬೇಕು. ತಪ್ಪಿದರೆ ಮುಂದಿನ ಚಕ್ರಗಳೆರಡೂ ಮುನಿಸಿಕೊಂಡ ದಂಪತಿಯಂತೆ ಒಂದೊಂದು ದಿಕ್ಕಿಗೆ ಮುಖ ಮಾಡುತ್ತವೆ. 18ಕ್ಕೆ ಬಂದಿದ್ದೆ. ‘ರೀ, ಸೊಪ್ಪಿನವಳಿಗೆ ಎಷ್ಟು ಬಾಕಿ?’ ‘23’ ಎಂದೆ. ಮುಂದಿನ ಸುತ್ತು 24 ಆಯಿತು.

ಅಲೈನ್‌ಮೆಂಟಿಗೆ ಹೇಗೂ ಹೋಗಲೇಬೇಕಿತ್ತು. ಪಕ್ಕದ ಬೀದಿಯ ಅಂಗಡಿಗೆ ಏಡಿಯಂತೆ ತೆವಳಿಸಿಕೊಂಡು ಹೋದೆ. ಹುಡುಗ ಬಗ್ಗಿ ನೋಡಿ, ‘ಯಾರು ಸಾರ್ ಹಾಕಿದ್ದು? ಪರವಾಗಿಲ್ಲ, ಚೆನ್ನಾಗೇ ಕೂರಿಸಿದ್ದಾರೆ’ ಎಂದ. ಎದೆ ಉಬ್ಬಿತು.

‘ಆದ್ರೆ ಸವೆದಿರೋದು ಆ ಕಡೇದು.’