ಐವತ್ತೊಂದನೆಯವನಿಗೆ ರಜೆ

ಹಿರೀಸಾವೆ ಹೆದ್ದಾರಿಯಲ್ಲಿ ಜಲ್ಲಿ ಟಿಪ್ಪರ್ ಎದುರಾದರೆ ದಾರಿ ಬಿಟ್ಟು ಕೈಮುಗಿಯಿರಿ. ಬೆಂಗಳೂರಿನ ಫ್ಲೈಓವರ್‌ನಿಂದ ನಮ್ಮ ಮನೆಯ ಆರ್‌ಸಿಸಿವರೆಗೆ ಎಲ್ಲಕ್ಕೂ ಕ್ವಾರಿಯೇ ತವರು. ಅಲ್ಲಿ ಅಪಾಯವಿದೆ ಎನ್ನುವವರು 1952ರ ಗಣಿ ಕಾಯ್ದೆ ಓದಿಲ್ಲ. ಕ್ವಾರಿ ಧಣಿ ಓದಿದ್ದಾನೆ.

ಕಟ್ಟಡದ ಕಲ್ಲು, ಜಲ್ಲಿ ತೆಗೆಯುವ ಸಣ್ಣವರ ಮೇಲೆ ಆ ಕಾಯ್ದೆಗೆ ಕರುಣೆಯಿತ್ತು. ಗುಂಡಿ 6 ಮೀಟರ್ ದಾಟಬಾರದು, ಆಳು 50 ಮೀರಬಾರದು, ಸ್ಫೋಟಕ ಬಳಸಬಾರದು. ಇಷ್ಟಾದರೆ ಬಹುಪಾಲು ನಿಯಮಗಳ ಕಾಟವಿರಲಿಲ್ಲ. ಪಾಲಿಸುವುದೂ ಸುಲಭ. ಟೇಪು ಆರು ತೋರಿಸಿದಲ್ಲಿಗೆ ಅಳತೆ ನಿಲ್ಲಿಸಬೇಕು. ಐವತ್ತೊಂದನೆಯವನಿಗೆ ಹಾಜರಿ ಪುಸ್ತಕದಲ್ಲಿ ರಜೆ, ಬಂಡೆಯ ಮೇಲೆ ಕೆಲಸ. ಇನ್ನು ಸ್ಫೋಟಕ?

"ಮದ್ದಾ? ನಮ್ಮಲ್ಲೆಲ್ಲಿ ಸಾರ್! ಈ ಸಲ ಬಿಸಿಲು ಜಾಸ್ತಿ, ಬಂಡೆ ತಾನಾಗೇ ಸೀಳ್ಕೊತದೆ."

ಸಾಹೇಬರೂ ಬೆವರು ಒರೆಸಿಕೊಂಡು ಒಪ್ಪುತ್ತಾರೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿಯಿತು. ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಪೊಲೀಸರಿಗೆ ಸಿಗದಂತೆ ಸಾಗಹಾಕಲು ಹೊರಟ ಜಿಲೆಟಿನ್ 6 ಜನರನ್ನು ಬಲಿ ತೆಗೆದುಕೊಂಡಿತು. ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯ ಸರದಿ. ಹೊಳೆನರಸೀಪುರ ತಾಲ್ಲೂಕಿನ ಚಾಕೇನಹಳ್ಳಿಯಲ್ಲಿ ಸ್ಫೋಟಕ ಇಳಿಸುವಾಗ ಸಿಡಿದು ಸಾವಾಯಿತು. ಮೂರು ಕಡೆಯೂ ಬಂಡೆ ಸಿಡಿಸುವಾಗ ಯಾರೂ ಸಾಯಲಿಲ್ಲ. ಸಾಗಿಸುವಾಗ, ಬಚ್ಚಿಡುವಾಗ, ಇಳಿಸುವಾಗ ಸತ್ತರು. ಕ್ವಾರಿಯೊಳಗೆ ಅಪಾಯವಿಲ್ಲ ಎಂಬ ಧಣಿಯ ಮಾತು ಸುಳ್ಳೆನ್ನಲು ಬಾಯಿ ಬರುವುದಿಲ್ಲ.

ಸಾವಾದ ಮೇಲೆ ತಪಾಸಣೆ ಬರುತ್ತದೆ. ಅವತ್ತು ಗೋಣಿಚೀಲದಿಂದ ಹೆಲ್ಮೆಟ್‌ಗಳು ಹೊರಬೀಳುತ್ತವೆ. ಫೋಟೊ ಮುಗಿದೊಡನೆ ಚೀಲಕ್ಕೆ ವಾಪಸ್. ತಲೆ ಒಡೆದರೆ ಆಳು ಇನ್ನೊಬ್ಬ ಸಿಗುತ್ತಾನೆ, ಹೆಲ್ಮೆಟ್‌ಗೆ ದುಡ್ಡು ಕೊಡಬೇಕು.

ಧೂಳಿನದು ಇದಕ್ಕಿಂತ ಮರ್ಯಾದಸ್ಥ ಸಾವು. ಕುಳಿ ಹೊಡೆಯುವವನ ಎದೆಗೂಡಿಗೆ ಸಿಲಿಕಾ ಧೂಳು ಇಳಿಯುತ್ತದೆ. ಸಿಲಿಕೋಸಿಸ್ ತಲೆಯೆತ್ತಲು ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಅವನು ಒಡಿಶಾದಲ್ಲೋ ಬಿಹಾರದಲ್ಲೋ ತನ್ನೂರು ಸೇರಿ ಕೆಮ್ಮುತ್ತಿರುತ್ತಾನೆ. ಕ್ವಾರಿಯ ಪುಸ್ತಕದಲ್ಲಿ ಅವನ ಹೆಸರೇ ಇಲ್ಲದ ಮೇಲೆ ಕಾಯಿಲೆ ಎಲ್ಲಿ ಇದ್ದೀತು? ಅಲ್ಲಿಯ ಡಾಕ್ಟರು ಟಿಬಿ ಎಂದು ಚೀಟಿ ಬರೆಯುತ್ತಾರೆ.

ನೀರು ಬಿಟ್ಟುಕೊಂಡು ಕುಳಿ ಹೊಡೆದರೆ ಧೂಳು ಅಡಗುತ್ತದೆ ಎಂಬುದು ಧಣಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಟ್ಯಾಂಕರ್ ನೀರಿಗೆ ಅವನೇ ದುಡ್ಡು ತೆರಬೇಕು. ಟಿಬಿ ಮಾತ್ರೆಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ.