ತೆರೆಸೀಳು ಮೀಮಾಂಸೆ

ಕಂಪ್ಯೂಟರ್ ಆಟದ ಯೋಧ ಗಕ್ಕನೆ ಬಲಕ್ಕೆ ತಿರುಗುತ್ತಾನೆ. ಎದುರಿದ್ದ ಕಂಬದ ತಲೆ ಒಂದು ಕಡೆ, ಬುಡ ನಾಲ್ಕು ಬೆರಳು ಆಚೆ. ಆದರೂ ಕಂಬ ಬೀಳುವುದಿಲ್ಲ. ಪಾಮರರು ಇದನ್ನು ಸ್ಕ್ರೀನ್ ಟೇರಿಂಗ್ ಎಂದು ಶಪಿಸಿ ಸೀದಾ ಸೆಟ್ಟಿಂಗ್ಸ್‌ಗೆ ಕೈಹಾಕುತ್ತಾರೆ. ಪಂಡಿತರಿಗೆ ಆ ಸ್ವಾತಂತ್ರ್ಯವಿಲ್ಲ. ಪೂರ್ವಪಕ್ಷ ಮಂಡಿಸದೆ ಮೌಸ್ ಮುಟ್ಟುವಂತಿಲ್ಲ.

ಮೊದಲು ಲಕ್ಷಣ. ಗ್ರಾಫಿಕ್ಸ್ ಕಾರ್ಡು ಚಿತ್ರ ಬರೆದು ಫ್ರೇಮ್ ಬಫರಿನಲ್ಲಿ ಇಡುತ್ತದೆ. ಮಾನಿಟರು ಅದನ್ನು ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಕ್ರಮವಾಗಿ ತೋರಿಸುತ್ತ ಇಳಿಯುತ್ತದೆ. 60 ಹರ್ಟ್ಸ್ ಮಾನಿಟರಿಗೆ ಒಂದು ಇಳಿತ ಶುರುವಾಗಿ ಮುಂದಿನದು ಶುರುವಾಗಲು 16.67 ಮಿಲಿಸೆಕೆಂಡು. ನಡುದಾರಿಯಲ್ಲಿ ಕಾರ್ಡು ಹೊಸ ಚಿತ್ರ ತಂದಿಟ್ಟರೆ ಮೇಲರ್ಧದಲ್ಲಿ ಹಳೆಯ ಗಳಿಗೆ, ಕೆಳಗರ್ಧದಲ್ಲಿ ಹೊಸ ಗಳಿಗೆ. ಅವೆರಡರ ಗಡಿಯೇ ಸೀಳುಗೆರೆ.

ಮಾನಿಟರಿಗೆ ಈ ಕಟ್ಟುನಿಟ್ಟು ಬಂದದ್ದು ಪಿಕ್ಚರ್ ಟ್ಯೂಬಿನ ಕಾಲದಿಂದ. ಎಲೆಕ್ಟ್ರಾನ್ ಕಿರಣ ತೆರೆಯ ತಳ ಮುಟ್ಟಿದ ಮೇಲೆ ಮತ್ತೆ ಮೇಲಿನ ಮೂಲೆಗೆ ಮರಳಲು ತುಸು ಬಿಡುವು ಬೇಕಿತ್ತು. ಅದೇ ವರ್ಟಿಕಲ್ ಬ್ಲಾಂಕಿಂಗ್. 1977ರ ಅಟಾರಿ 2600 ಯಂತ್ರಕ್ಕೆ ಫ್ರೇಮ್ ಬಫರೇ ಇರಲಿಲ್ಲ. ಆಟ ಬರೆಯುವವರು ಕಿರಣದ ಬೆನ್ನುಹತ್ತಿ ಗೆರೆಗೆರೆಯಾಗಿ ಚಿತ್ರ ಕೂಡಿಸಿ, ಚೆಂಡು ಎಲ್ಲಿಗೆ ಹೋಗಬೇಕು, ಅಂಕ ಎಷ್ಟಾಯಿತು ಎಂಬ ಲೆಕ್ಕವನ್ನೆಲ್ಲ ಈ ಬಿಡುವಿನಲ್ಲಿ ಮುಗಿಸುತ್ತಿದ್ದರು. ಈಗಿನ ಎಲ್‌ಸಿಡಿಯಲ್ಲಿ ಕಿರಣವೂ ಇಲ್ಲ, ಅದು ಮರಳಬೇಕಾದ ಮೂಲೆಯೂ ಇಲ್ಲ. ಆದರೂ 1080 ಗೆರೆಯ ಮಾನಿಟರಿಗೆ ಹೋಗುವ ರೂಢಿಯ ಸಿಗ್ನಲಿನಲ್ಲಿ ಒಟ್ಟು 1125 ಗೆರೆಗಳಿವೆ. ಹೆಚ್ಚಿನ 45 ಯಾರ ಕಣ್ಣಿಗೂ ಬೀಳವು. ತೀರಿಕೊಂಡ ಕಿರಣಕ್ಕೆ ಸೆಕೆಂಡಿಗೆ 60 ಸಲ ತಿಥಿ ಮಾಡುವ ಈ ಶ್ರದ್ಧೆ ಬೇರಾವ ಯಂತ್ರದಲ್ಲಿ ಕಂಡೀತು!

ಈ ಬಿಡುವಿನ ಸುತ್ತಲೇ ಪಂಥಗಳು ಒಡೆದವು. ಸಹನಾವಾದಿಗಳ ಮತ ವಿ-ಸಿಂಕ್: ಬಿಡುವು ಬರುವ ತನಕ ಕಾರ್ಡು ಹೊಸ ಚಿತ್ರ ಕೊಡದೆ ಕಾಯಬೇಕು. ಸೀಳು ಮಾಯವಾಗುತ್ತದೆ, ನಿಜ. ಆದರೆ ಎರಡೇ ಬಫರಿದ್ದು ಚಿತ್ರ ಬರೆಯಲು 16.67ರ ಬದಲು 17 ಮಿಲಿಸೆಕೆಂಡು ಹಿಡಿಯಿತೋ, ಆ ಬಿಡುವು ತಪ್ಪಿ ಮುಂದಿನದಕ್ಕೇ ಕಾಯಬೇಕು. ಹಾಗೇ ಮುಂದುವರಿದರೆ ಅರವತ್ತು ಫ್ರೇಮು ಏಕ್‌ದಂ ಮೂವತ್ತಕ್ಕೆ ಕುಸಿಯುತ್ತದೆ. ಮೂರನೆಯ ಬಫರು ಸೇರಿಸಿ ಈ ಕುಸಿತಕ್ಕೆ ತೇಪೆ ಹಾಕಿದವರೂ ಉಂಟು. ವಿ-ಸಿಂಕಿನಿಂದ ಗುಂಡಿ ಒತ್ತಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ವಿಳಂಬವೂ ಬೆಳೆಯುತ್ತದೆ. ಕೌಂಟರ್‌-ಸ್ಟ್ರೈಕ್ ಆಡುವ ಆತುರವಾದಿಗಳ ಆಕ್ಷೇಪ ಇದೇ: ಕಂಬ ಸೀಳಲಿ, ಶತ್ರು ಮೊದಲು ಕಾಣಲಿ.

ಕಾರ್ಡೇ ಏಕೆ ಕಾಯಬೇಕು, ಮಾನಿಟರು ಕಾದರೆ ಅದರ ಗಂಟೇನು ಹೋಗುತ್ತದೆ ಎಂದು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲವೆಂಬುದೇ ಈ ಶಾಸ್ತ್ರದ ದೊಡ್ಡ ವಿಸ್ಮಯ. 2013ರ ಅಕ್ಟೋಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಎನ್‌ವಿಡಿಯಾ ಎಂಬ ಗ್ರಾಫಿಕ್ಸ್ ಕಂಪನಿ ಜಿ-ಸಿಂಕ್ ಪ್ರಕಟಿಸಿತು: ಚಿತ್ರ ಸಿದ್ಧವಾಗುವ ತನಕ ಬಿಡುವನ್ನೇ ಹಿಗ್ಗಿಸುವ ಉಪಾಯ. ಅದಕ್ಕೆ ಮಾನಿಟರಿನೊಳಗೆ 768 ಎಂಬಿ ಮೆಮೊರಿಯ ಪ್ರತ್ಯೇಕ ಸರ್ಕ್ಯೂಟು ಬೇಕಿತ್ತು. ಮಾರನೆಯ ಜನವರಿಯಲ್ಲೇ ಅದರ ಪ್ರತಿಸ್ಪರ್ಧಿ ಎಎಂಡಿ, ಆ ಪ್ರತ್ಯೇಕ ಸರ್ಕ್ಯೂಟಿನ ಹಂಗಿಲ್ಲದೆ ಲ್ಯಾಪ್‌ಟಾಪಿನಲ್ಲಿ ಫ್ರೀಸಿಂಕ್ ತೋರಿಸಿತು. ಮೇ ತಿಂಗಳಲ್ಲಿ ಮಾನಕ ರೂಪಿಸುವ ವೆಸಾ ಸಂಸ್ಥೆ ಇದೇ ಉಪಾಯವನ್ನು ಅಡಾಪ್ಟಿವ್-ಸಿಂಕ್ ಎಂಬ ಹೆಸರಿನಲ್ಲಿ ಡಿಸ್‌ಪ್ಲೇಪೋರ್ಟ್ 1.2ಎ ಮಾನಕಕ್ಕೆ ಸೇರಿಸಿತು. 2019ರಲ್ಲಿ ಎನ್‌ವಿಡಿಯಾ ಎದುರುಪಕ್ಷದ ಮಾನಿಟರುಗಳನ್ನೂ ಪಂಕ್ತಿಗೆ ಸೇರಿಸಿಕೊಳ್ಳಲು ಒಪ್ಪಿತು. ಮಡಿಯನ್ನು ಮಾತ್ರ ಬಿಡಲಿಲ್ಲ: 400 ಮಾನಿಟರು ಪರೀಕ್ಷಿಸಿ ಆಗ ಪಾಸು ಮಾಡಿದ್ದು 12 ಅಷ್ಟೇ.

ಇಲ್ಲಿಗೆ ವಾದ ಮುಗಿಯಿತೆಂದರೆ ಅದು ಶಾಸ್ತ್ರವೇ ಅಲ್ಲ. ಕಾರ್ಡಿನ ವೇಗ ಮಾನಿಟರಿನ ಗರಿಷ್ಠ ಮಿತಿ ದಾಟಿದರೆ ಸೀಳು ಮರಳಿ ಬರುತ್ತದೆ. ಆದ್ದರಿಂದ 144 ಹರ್ಟ್ಸ್ ಇದ್ದವರು ಆಟವನ್ನು 141 ಫ್ರೇಮಿಗೆ ಕಟ್ಟಿಹಾಕಿ, ಮೇಲೆ ಕಾವಲಿಗೆಂದು ಹಳೆಯ ವಿ-ಸಿಂಕನ್ನೂ ಕೂರಿಸುವ ಸಂಪ್ರದಾಯ ಬೆಳೆದಿದೆ. ಆತುರವಾದಿಗಳು ಇದನ್ನು ನೋಡಿ ನಗುತ್ತಾರೆ.

ಕೊನೆಯದು ಗುಪ್ತಪಂಥ. ರಿವಾಟ್ಯೂನರ್ ತಂತ್ರಾಂಶದ ಸ್ಕ್ಯಾನ್‌ಲೈನ್ ಸಿಂಕ್ ಸೀಳನ್ನು ಅಳಿಸುವುದೇ ಇಲ್ಲ. ಚಿತ್ರ ಬದಲಿಸುವ ಕ್ಷಣವನ್ನು ಹೊಂದಿಸಿ, ಸೀಳುಗೆರೆಯನ್ನು ಆ ಕಾಣದ 45 ಗೆರೆಗಳೊಳಕ್ಕೆ ತಳ್ಳುತ್ತದೆ. 60 ಹರ್ಟ್ಸ್‌ನಲ್ಲಿ ಅಲ್ಲಿ ಸಿಗುವ ಜಾಗ ಸುಮಾರು 0.67 ಮಿಲಿಸೆಕೆಂಡು. ಗುರಿ ತಪ್ಪಿದರೆ ಗೆರೆ ತೆರೆಯ ಅಂಚಿನಲ್ಲಿ ತಲೆ ಹಾಕಿ ನಡುಗುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಅವಿತ ಸೀಳನ್ನು ಸೀಳೆಂದು ಕರೆಯಬಹುದೇ ಎಂಬುದರ ಕ್ಷೇತ್ರಕಾರ್ಯ ಬಾಕಿಯಿದೆ. ಪ್ರಬಂಧಕಾರರು ಅನುದಾನಕ್ಕೆ ಅರ್ಜಿ ಹಾಕಿದ್ದಾರೆ, 240 ಹರ್ಟ್ಸ್ ಮಾನಿಟರಿನ ಕೊಟೇಶನ್ ಲಗತ್ತಿಸಿ.