ಶೌಚಗುಂಡಿ ಮೀಮಾಂಸೆ: ಉಕ್ಕುವಿಕೆಯ ತಾತ್ವಿಕ ನೆಲೆಗಳು

ಗೃಹಸ್ಥರ ಸೆಪ್ಟಿಕ್ ಟ್ಯಾಂಕು ಏಕೆ ಉಕ್ಕುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ವತ್ ಲೋಕ ಇದುವರೆಗೆ ಮೂಗು ಮುಚ್ಚಿಕೊಂಡೇ ನೋಡಿದೆ. ಈ ಕೊರತೆಯನ್ನು ಅಂತರ್‌ಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ತುಂಬುವುದು (ತುಂಬಿದ್ದೇ ಇಲ್ಲಿ ಸಮಸ್ಯೆಯಾದರೂ) ಪ್ರಸ್ತುತ ಪ್ರಬಂಧದ ಉದ್ದೇಶ. ವೈಫಲ್ಯವು ಸ್ಥೂಲವಾಗಿ ಪಂಚವಿಧ.

ಮೊದಲನೆಯದು ವಿಸ್ಮೃತಿಜನ್ಯ ವೈಫಲ್ಯ. ಟ್ಯಾಂಕಿನಲ್ಲಿ ಘನವಸ್ತು ತಳಕ್ಕಿಳಿದು ಹೂಳಾಗುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರಷ್ಟೇ ಇಂಗುಗುಂಡಿಗೆ ಹೋಗಬೇಕು. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸದಿದ್ದರೆ ಅದೂ ನೀರಿನ ಜೊತೆ ಹೊರಟು ಇಂಗುಗುಂಡಿಯ ಮಣ್ಣಿನ ಕಣ್ಣುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಗೃಹಪ್ರವೇಶಕ್ಕೆ ಮುಚ್ಚಿದ ಮುಚ್ಚಳವನ್ನು ಮಗಳ ಮದುವೆಯವರೆಗೂ ತೆಗೆಯದ ಯಜಮಾನರುಂಟು. ತೆಗೆಯೋಣವೆಂದರೆ ಮುಚ್ಚಳವೆಲ್ಲಿ? ಅದರ ಮೇಲೆ ಟೈಲ್ಸು, ಟೈಲ್ಸಿನ ಮೇಲೆ ಕಾರು, ಕಾರಿನ ಬಂಪರಿಗೆ ಒಣಗಿದ ನಿಂಬೆಹಣ್ಣು.

ಎರಡನೆಯದು ಶುದ್ಧಿವ್ಯಸನಜನ್ಯ. ಗಾಳಿಯ ಹಂಗಿಲ್ಲದ ಬ್ಯಾಕ್ಟೀರಿಯಾಗಳು ಒಳಗೆ ಸಂಬಳವಿಲ್ಲದೆ ದುಡಿಯುತ್ತಿರುತ್ತವೆ. ಇತ್ತ ನಾವು ಕಮೋಡು ಹೊಳೆಯಲೆಂದು ಇವತ್ತು ಆಸಿಡ್, ನಾಳೆ ಬ್ಲೀಚಿಂಗ್ ಪೌಡರ್, ಹಬ್ಬ ಬಂತೆಂದರೆ ಬಾಟಲಿಗಟ್ಟಲೆ ಫಿನಾಯಿಲ್. ಅವು ಸತ್ತ ಮೇಲೆ ಯಾರೋ ಹೇಳಿದರೆಂದು ಸಗಣಿ ನೀರು ಹುಯ್ಯುತ್ತೇವೆ. ಅದರಿಂದ ಕೂತ ಹೂಳೇನೂ ಏಳುವುದಿಲ್ಲ.

ಮೂರನೆಯದು ದಿಗ್ದೋಷಭ್ರಾಂತಿಜನ್ಯ. ಗುಂಡಿ ವಾಯವ್ಯದಲ್ಲಿರಬೇಕು, ಈಶಾನ್ಯಕ್ಕೆ ಸುಳಿಯಬಾರದು ಎಂದು ವಾಸ್ತು ಪಂಡಿತರನ್ನು ಕೇಳಿ ತಿಳಿದಿರುತ್ತೇವೆ, ಮಣ್ಣನ್ನು ಕೇಳಿರುವುದಿಲ್ಲ. ಎರೆಭೂಮಿಯಲ್ಲಿ ನೀರು ಇಂಗುವುದು ಕಷ್ಟ. ಕರಾವಳಿಯ ತಗ್ಗಿನಲ್ಲಿ ಮಳೆಗಾಲ ಬಂದರೆ ಅಂತರ್ಜಲವೇ ಮೇಲೇರಿ ಗುಂಡಿಯಲ್ಲಿ ಕೂರುತ್ತದೆ. ಮೊದಲು ಸಣ್ಣ ಗುಂಡಿ ತೋಡಿ, ನೀರು ಹುಯ್ದು, ಇಂಗುವ ವೇಗ ಅಳೆಯಬೇಕೆಂದು ಐಎಸ್ 2470 ಎಂಬ ಮಾನಕ ದಶಕಗಳಿಂದ ಹೇಳುತ್ತಿದೆ. ಅದಕ್ಕೆ ಮುಹೂರ್ತವಿಲ್ಲವಾದ್ದರಿಂದ ಯಾರೂ ಓದುವುದಿಲ್ಲ. ಮೇಸ್ತ್ರಿ ತಳವಿಲ್ಲದ ನಾಲ್ಕು ಸಿಮೆಂಟ್ ರಿಂಗು ಇಳಿಸಿ ಸೆಪ್ಟಿಕ್ ಟ್ಯಾಂಕೆಂದು ಲೆಕ್ಕ ಬರೆಯುತ್ತಾನೆ. ಪಕ್ಕದ ಮನೆಯವರು ಅದರ ನೀರನ್ನೇ ಬಾವಿಯಿಂದ ಸೇದಿ ಕುಡಿಯುತ್ತಾರೆ.

ನಾಲ್ಕನೆಯದು ಪ್ಯಾಡು, ಡೈಪರು, ಅಡುಗೆಮನೆಯ ಎಣ್ಣೆ. ಇದಕ್ಕೊಂದು ಸಂಸ್ಕೃತದ ಹೆಸರು ಹುಡುಕುವ ಉತ್ಸಾಹ ನನಗಿಲ್ಲ. ಐದನೆಯದನ್ನು ಬಿಟ್ಟೇಬಿಡೋಣ.

ಏಕೆಂದರೆ ಉಕ್ಕಿದ ಮೇಲೆ ನಡೆಯುವುದಕ್ಕೆ ಯಾವ ಮೀಮಾಂಸೆಯೂ ಬೇಕಿಲ್ಲ. ಸಕ್ಕಿಂಗ್ ಗಾಡಿ ಓಣಿಯೊಳಗೆ ಬರುವುದಿಲ್ಲ. ಬಂದರೂ ಅಷ್ಟು ವರ್ಷದ ಗಟ್ಟಿ ಹೂಳು ಪೈಪಿಗೆ ಬಗ್ಗುವುದಿಲ್ಲ. ಆಗ ಯಾರೋ ಒಬ್ಬರು, ‘ಒಬ್ಬ ಹುಡುಗ ಇಳಿದರೆ ಅರ್ಧ ಗಂಟೆ ಕೆಲಸ ಸಾರ್’ ಎನ್ನುತ್ತಾರೆ. ಆ ಹುಡುಗನ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ. ಅನಿಲ ಹೆಚ್ಚಾದಂತೆ ಮೂಗೇ ಸತ್ತು ನಾತವೂ ತಿಳಿಯುವುದಿಲ್ಲ. ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಅಣ್ಣನೂ ಕುಸಿಯುತ್ತಾನೆ. ‘ಇಳಿ ಅಂತ ನಾವೇನೂ ಹೇಳಿರಲಿಲ್ಲ’ ಎಂದು ಮನೆಯವರು ಪೊಲೀಸರಿಗೆ ಹೇಳುತ್ತಾರೆ. ಇದರ ಬಗ್ಗೆ ‘ದೇಹ, ಮಾಲಿನ್ಯ ಮತ್ತು ಆಧುನಿಕತೆಯ ಬಿಕ್ಕಟ್ಟು’ ಎಂದು ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಓದಿದ್ದನ್ನೂ, ಓದಿದವರು ಹೋಳಿಗೆಗೆ ತುಪ್ಪ ಸಾಲದೆಂದು ಗೊಣಗಿದ್ದನ್ನೂ ಕಂಡಿದ್ದೇನೆ. ನಿಮ್ಮ ಮನೆಯ ಟ್ಯಾಂಕಿನ ಮುಚ್ಚಳ ಎಲ್ಲಿದೆ ಸ್ವಾಮಿ ಎಂದು ಅವರನ್ನು ಕೇಳಬೇಕಿತ್ತು.

ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಟೈಲ್ಸು ಒಡೆಸಿ, ಉಕ್ಕುವ ಮುಂಚೆಯೇ ಗಾಡಿ ಕರೆಸಿ. ಇಳಿಯುತ್ತೇನೆಂದು ಬಂದವನನ್ನು ಬಸ್ ಚಾರ್ಜು ಕೊಟ್ಟು ವಾಪಸ್ ಕಳಿಸಿ.